ಗುದ್ಲಿ ಕಾವು ಆಳಿಗೆ ತಕ್ಕಂಗೆ, ಬೈಕು ಯಾಕಲ್ಲ?

ಸ್ಪೋರ್ಟ್ಸ್ ಬೈಕು ತಗಂಡ ಹುಡುಗ ಮೊದಲ್ನೇ ತಿಂಗಳು ಗಾಡಿ ಒರೆಸ್ತಾನೆ, ಮೂರನೇ ತಿಂಗಳು ಮಣಿಕಟ್ಟಿಗೆ ಅಮೃತಾಂಜನ ಹಚ್ಕಂತಾನೆ. ನಮ್ಮ ಹುಲಿಕುಂಟೆ ಕಡೆ ಈಗ ಬೀದಿಗೆ ಒಂದೆರಡಾದ್ರೂ ಇಂಥ ಗಾಡಿ ಅವೆ. ವಸಂತನರಸಾಪುರದ ಫ್ಯಾಕ್ಟ್ರಿಗೆ ಹೋಗೋರು, ತುಮಕೂರಿಗೆ ಕಾಲೇಜಿಗೆ ಹೋಗೋರು ಅದ್ರ ಮೇಲೆ ಬಗ್ಗಿಕಂಡೇ ಹೋಗಿ ಬಗ್ಗಿಕಂಡೇ ಬತ್ತಾರೆ. ಸಂಜೆ ಬಂದು ಸೊಂಟ ಹಿಡ್ಕಂತು, ಬೆರಳು ಜೋಮು ಹಿಡೀತು ಅಂದ್ರೆ ಮನೇಲಿ ಎರಡೇ ಮಾತು. ಅಪ್ಪ ಆದವನು "ಮಾರಾಕು, ಮಾಮೂಲಿ ಗಾಡಿ ತಗಾ" ಅಂತಾನೆ. ಮಗ "ಅಭ್ಯಾಸ ಆಗ್ತದೆ ಬಿಡು" ಅಂತಾನೆ. ನನ್ ಪ್ರಕಾರ ಇಬ್ರ ಮಾತೂ ಸರಿಯಿಲ್ಲ. ಮಾರಿದ್ರೆ ದುಡ್ಡು ಹೋಗ್ತದೆ, ಸುಮ್ನಿದ್ರೆ ಮೈ ಹೋಗ್ತದೆ. ಗಾಡೀನ ಮೈಗೆ ಹೊಂದಿಸ್ಕಂಡ್ರೆ ಎರಡೂ ಉಳೀತವೆ.

ನಮಗೇನು ಇದು ಹೊಸದಲ್ಲ. ಗುದ್ಲಿ ತಂದ್ರೆ ಹಂಗೇ ಹೊಲಕ್ಕೆ ತಗಂಡು ಹೋಗ್ತೀವಾ? ಆಳಿನ ಎತ್ತರ ನೋಡಿ ಕಾವು ಹಾಕಿಸ್ತೀವಿ. ಕಾವು ಗಿಡ್ಡ ಆದ್ರೆ ಬೆಳಗಿಂದ ಸಂಜೆಗಂಟ ಬಗ್ಗಿ ಬಗ್ಗಿ ಸೊಂಟ ಬಿದ್ದೋಗ್ತದೆ ಅಂತ ನಮಗೆ ಯಾರೂ ಹೇಳ್ಕೊಡಬೇಕಿಲ್ಲ. ಹೊಲಿಗೆ ಮಿಷನ್ನಿಗೆ ಕುತ್ಕಳೋ ಸ್ಟೂಲು ಎತ್ತರ ಸಾಲದಿದ್ರೆ ಮೇಲೊಂದು ಮಡಿಚಿದ ಕೌದಿ ಹಾಕ್ಕಂತೀವಿ. ಅಂಥಾದ್ರಲ್ಲಿ ಲಕ್ಷಕ್ಕೂ ಮೇಲೆ ಕೊಟ್ಟು ತಂದ ಗಾಡೀನ ಮಾತ್ರ ಶೋರೂಮಿನೋರು ಕೊಟ್ಟಂಗೇ ಮುಟ್ಟದಂಗೆ ಇಟ್ಕಬೇಕು ಅಂದ್ರೆ ಯಾವ ನ್ಯಾಯ?

ಮೊದ್ಲು ಆ ಗಾಡಿ ಯಾಕೆ ಹಂಗೆ ಬಗ್ಗಿಸ್ತದೆ ಅಂತ ತಿಳ್ಕಳಿ. ರೇಸಿನ ಗಾಡಿ ನೋಡಿ ಮಾಡಿರೋ ರೂಪ ಅದು. ಹ್ಯಾಂಡ್ಲು ಕೆಳಗೆ, ಸೀಟು ಮೇಲೆ, ಕಾಲಿಡೋ ಜಾಗ ಹಿಂದಕ್ಕೆ. ರೇಸಿನವನು ಜೋರಾಗಿ ಹೋಗುವಾಗ ಎದುರು ಗಾಳಿ ಅವನ ಎದೆಗೆ ಒತ್ತಿ ಮೈಭಾರಾನ ಒಂದಷ್ಟು ಎತ್ತಿ ಹಿಡೀತದೆ. ನಮ್ಮ ಹುಡುಗ್ರು ಹೋಗೋದು ಹಳ್ಳಿ ರಸ್ತೇಲಿ, ಹಂಪು ದಾಟ್ಕಂಡು, ಕುರಿ ಹಿಂಡಿಗೆ ದಾರಿ ಬಿಟ್ಕಂಡು, 40ರ ವೇಗದಲ್ಲಿ. ಅಲ್ಲಿ ಎತ್ತಿ ಹಿಡಿಯೋ ಗಾಳಿ ಎಲ್ಲಿಂದ ಬರ್ಬೇಕು? ಮೈಭಾರ ಎಲ್ಲಾ ಅಂಗೈ ಮೇಲೆ ಬೀಳ್ತದೆ.

ಅಂಗೈ ಬುಡದಲ್ಲಿ ನರ ಹಾದುಹೋಗ್ತವೆ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದ್ರೆ ಅಲ್ಲಿರೋ ಒಂದು ನರ ಅಮುಕ್ತಿದೆ ಅಂತ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದ್ರೆ ಇನ್ನೊಂದು ನರ. ಗಾಡಿ ಇಳಿದ ಮೇಲೆ ಎರಡು ನಿಮಿಷಕ್ಕೆ ಸರಿಹೋದ್ರೆ ಎಚ್ಚರಿಕೆ ಸಾಕು. ರಾತ್ರಿ ಮಲಗಿದಾಗಲೂ ಹಂಗೇ ಇದ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು. ಬ್ರೇಕು ಹಿಡಿಯೋದೂ ಅದೇ ಬೆರಳು. ಅವು ಮರಗಟ್ಟಿದಾಗ ಎದುರಿಗೆ ಮಗು ಓಡಿ ಬಂದ್ರೆ? ಅದಕ್ಕೇ ಇದು ಬರೀ ಸುಖದ ಮಾತಲ್ಲ.

ಸರಿಮಾಡೋದಕ್ಕೆ ಮೊದ್ಲು ದುಡ್ಡಿಲ್ಲದ ಕೆಲ್ಸ ಮಾಡಿಸಿ. ಎರಡು ಮಂಡಿ ಟ್ಯಾಂಕಿಗೆ ಒತ್ತಿ ಹಿಡಿದು, ಹೊಟ್ಟೆ ಬಿಗಿ ಮಾಡಿ ಕುತ್ಕಂಡ್ರೆ ಭಾರ ತೊಡೆಗೆ, ನಡುವಿಗೆ ಹೋಗ್ತದೆ. ಮೊಣಕೈ ಕೋಲಿನಂಗೆ ನೆಟ್ಟಗೆ ಇಡದೆ ಒಂಚೂರು ಮಡಿಚಿರಬೇಕು. ಹ್ಯಾಂಡ್ಲು ಹಿಡಿಯೋದು ಮೊಟ್ಟೆ ಹಿಡಿದಂಗೆ ಇರ್ಬೇಕು, ಒನಕೆ ಹಿಡಿದಂಗಲ್ಲ. ಆಮೇಲೆ ಕ್ಲಚ್ಚು, ಬ್ರೇಕಿನ ಲಿವರು. ಕೈ ಚಾಚಿದಾಗ ಮೊಣಕೈಯಿಂದ ಬೆರಳಿನ ತುದಿಗಂಟ ಒಂದೇ ಗೆರೆ ಬರ್ಬೇಕು. ಲಿವರು ಮೇಲಕ್ಕಿದ್ರೆ ಮಣಿಕಟ್ಟು ಮುರುಟಿಕಂತದೆ. ಮೆಕ್ಯಾನಿಕ್ಕು ಬೋಲ್ಟು ಸಡಿಲ ಮಾಡಿ ಕೆಳಕ್ಕೆ ತಿರುಗಿಸಿ ಬಿಗಿ ಮಾಡಿದ್ರೆ ಆಯ್ತು, ಐದು ನಿಮಿಷದ ಕೆಲ್ಸ. ಎಷ್ಟೋ ಹುಡುಗ್ರ ನೋವು ಇಷ್ಟಕ್ಕೇ ಅರ್ಧ ಇಳೀತದೆ.

ಅದಕ್ಕೂ ಬಗ್ಗದಿದ್ರೆ ಸೀಟು ನೋಡಿ. ಸೀಟು ಮುಂದಕ್ಕೆ ಇಳಿಜಾರಾಗಿದ್ರೆ ಪ್ರತಿ ಬ್ರೇಕಿಗೂ ಹುಡುಗ ಟ್ಯಾಂಕಿಗೆ ಜಾರ್ತಾನೆ, ಜಾರಿದಾಗೆಲ್ಲಾ ಕೈ ಊರ್ತಾನೆ. ಸೀಟು ಹೊಲಿಯೋರ ಹತ್ರ ಮುಂದಿನ ಭಾಗಕ್ಕೆ ಒಂಚೂರು ಫೋಮು ಏರಿಸಿ ಮಟ್ಟ ಮಾಡಿಸ್ಬೌದು. ಮೆತ್ತಗಿರೋ ಸ್ಪಂಜು ಹಾಕಿಸ್ಬೇಡಿ, ಅರ್ಧ ಗಂಟೇಲಿ ಚಪಾತಿ ಆಗ್ತದೆ. ಬೆರಳಲ್ಲಿ ಒತ್ತಿದ್ರೆ ನಿಧಾನಕ್ಕೆ ಎದ್ದು ಬರೋ ಗಟ್ಟಿ ಫೋಮೇ ಬೇಕು. ಮೇಲೆ ಜಾರದ ರೆಕ್ಸಿನ್ನು.

ಕೊನೇಗೆ ಹ್ಯಾಂಡ್ಲು ಎತ್ತರಿಸೋದು. ಒಂದು ಇಂಚು ಮೇಲೆ ಬಂದ್ರೂ ಬೆನ್ನಿಗೆ ವ್ಯತ್ಯಾಸ ಗೊತ್ತಾಗ್ತದೆ. ಆದ್ರೆ ಇದು ಮನೇಲಿ ಸ್ಪ್ಯಾನರು ಹಿಡ್ಕಂಡು ಮಾಡೋ ಕೆಲ್ಸ ಅಲ್ಲ. ಎತ್ತರಿಸಿದ ಮೇಲೆ ಹ್ಯಾಂಡ್ಲು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡ್ಬೇಕು. ಬ್ರೇಕಿನ ಪೈಪು, ಕ್ಲಚ್ಚಿನ ವೈರು ಎಳ್ಕಂಡ್ರೆ, ಇಲ್ಲ ಹ್ಯಾಂಡ್ಲು ಮುಂದಿನ ಮುಸುಕಿಗೆ ತಗುಲಿದ್ರೆ ಅದು ಬ್ಯಾಡ. ತಿಳಿದಿರೋ ಮೆಕ್ಯಾನಿಕ್ಕು ಬ್ಯಾಡ ಅಂದ್ರೆ ಬ್ಯಾಡವೇ.

ಇಷ್ಟೊತ್ತು ಮುಂದೆ ಕುಂತವನ ಮಾತಾಯ್ತು. ನನ್ನ ನಿಜವಾದ ತಕರಾರು ಇರೋದು ಹಿಂದಿನ ಸೀಟಿಂದು. ಗೊರವನಹಳ್ಳಿಗೆ ಅಂತ, ಸೀಬಿಗೆ ಅಂತ, ಆಸ್ಪತ್ರೆಗೆ ಅಂತ ಅದ್ರ ಮೇಲೆ ಕುತ್ಕಳೋರು ನಾವು. ಅಂಗೈ ಅಗಲದ ಸೀಟು, ಅಟ್ಟದ ಮೇಲಿದ್ದಂಗೆ ಎತ್ತರ, ಹಿಡ್ಕಳಕ್ಕೆ ಏನೂ ಇಲ್ಲ, ಮಂಡಿ ಎದೆಗೆ ಬತ್ತದೆ. ಸೀರೆ ಉಟ್ಕಂಡು ಒಂದೇ ಕಡೆ ಕಾಲು ಹಾಕಿ ಕುಂತ್ರೆ ಹಂಪಿಗೊಂದ್ಸಲ ಜೀವ ಬಾಯಿಗೆ. ನಾವು ಜಾರಿ ಅವನ ಬೆನ್ನಿಗೆ ಒರಗಿದ್ರೆ ನಮ್ಮ ಭಾರಾನೂ ಅವನ ಮಣಿಕಟ್ಟಿಗೇ ಹೋಗ್ತದೆ. ಹಂಗಾಗಿ ಹಿಂದಿನ ಸೀಟು ಸರಿಯಿಲ್ದೆ ಮುಂದಿನವನ ನೋವು ಪೂರ್ತಿ ಹೋಗಲ್ಲ.

ಕಂಪ್ನಿಗಳಿಗೂ ಇದು ಗೊತ್ತು. ಯಮಹಾ ಆರ್15 2008ರಲ್ಲಿ ಬಂದಾಗ ಒಂದೇ ಉದ್ದದ ಸೀಟಿತ್ತು. 2011ರ ಗಾಡೀಲಿ ಅದನ್ನ ಎರಡು ತುಂಡು ಮಾಡಿ ಹಿಂದಿಂದು ಮೇಲಕ್ಕೆತ್ತಿದ್ರು. 2015ರಲ್ಲಿ ಆರ್15 ಎಸ್ ಅಂತ ಮತ್ತೆ ಒಂದೇ ಸೀಟಿನ ಗಾಡಿ ತಂದ್ರು, 2021ರಲ್ಲಿ ಇನ್ನೊಂದ್ಸಲ ತಂದ್ರು. ಹಿಂದೆ ಕುತ್ಕಳೋರು ಲೆಕ್ಕಕ್ಕೆ ಇಲ್ಲದಿದ್ರೆ ಹಂಗೆ ಮಾಡ್ತಿದ್ರಾ? ನಮ್ಮ ಮೈಸೂರಲ್ಲೇ 1996ರಗಂಟ ತಯಾರಾಗ್ತಿದ್ದ ಯೆಜ್ಡಿ ಜ್ಞಾಪಿಸ್ಕಳಿ. ಅದ್ರ ಚಪ್ಪಟೆ ಸೀಟಿನ ಮೇಲೆ ಗಂಡ, ಹೆಂಡ್ತಿ, ನಡುವೆ ಮಗೂನೂ ಹೋಗೋರು. ಅದೂ ಜೋರಾಗೇ ಓಡೋ ಗಾಡಿ. ಜೋರಾಗಿ ಓಡೋ ಗಾಡೀಲಿ ಹಿಂದಿನೋರು ನರಳ್ಲೇಬೇಕು ಅಂತೇನಿಲ್ಲ.

ಕಾನೂನೂ ನಮ್ಮ ಕಡೇನೇ ಐತೆ. ಕೇಂದ್ರ ಮೋಟಾರು ವಾಹನ ನಿಯಮ 1989, ಅದ್ರಲ್ಲಿ 123ನೇ ನಿಯಮ. ಹಿಂದಿನವರಿಗೆ ಹಿಡ್ಕಳಕ್ಕೆ ಹಿಡಿ ಇರ್ಬೇಕು, ಕಾಲಿಡಕ್ಕೆ ಜಾಗ ಇರ್ಬೇಕು, ಬಟ್ಟೆ ಸಿಕ್ಕಬಾರ್ದು ಅಂತ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ದಂಗೆ ಮರೆ ಇರ್ಬೇಕು ಅಂತ ಅದ್ರಲ್ಲೇ ಬರೆದೈತೆ. ನಮ್ಮ ಹುಡುಗ್ರು "ಲುಕ್ಕು ಕೆಡ್ತದೆ" ಅಂತ ಮೊದಲ್ನೇ ದಿನವೇ ಬಿಚ್ಚಿ ಅಟ್ಟಕ್ಕೆ ಹಾಕೋದು ಅದನ್ನೇ, ಆ ಸೀರೆ ಗಾರ್ಡನ್ನೇ. ಸೆರಗು ಚೈನಿಗೆ ಸಿಕ್ಕಿ ಬೀಳೋದು ಅಂದ್ರೆ ಏನು ಅಂತ ಅವಕ್ಕೆ ಗೊತ್ತಿಲ್ಲ, ನಮಗೆ ಗೊತ್ತು.

ಅದಕ್ಕೇ ಹೇಳ್ತೀನಿ, ಅಟ್ಟದಿಂದ ಇಳಿಸಿ ಹಾಕಿಸಿ. ಹಿಡಿ ಇಲ್ಲದಿದ್ರೆ ಹಾಕಿಸಿ. ಹಿಂದಿನ ಸೀಟಿಗೂ ಗಟ್ಟಿ ಫೋಮು ಹಾಕಿಸಿ. ಇಬ್ರು ಹೋಗುವಾಗ ಹಿಂದಿನ ಶಾಕ್ ಅಬ್ಸರ್ವರು ಗಟ್ಟಿ ಮಾಡೋ ಸವಲತ್ತು ಗಾಡೀಲಿದ್ರೆ ಮಾಡ್ಸಿ. ನಾವೂ ಆದಷ್ಟು ಚೂಡಿದಾರ ಹಾಕ್ಕಂಡು ಎರಡೂ ಕಡೆ ಕಾಲು ಹಾಕಿ ಕುತ್ಕಳೋದು ಒಳ್ಳೇದು. ಸೀರೆ ಆದ್ರೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕಳಿ. ಹೆಲ್ಮೆಟ್ಟಂತೂ 2016ರಿಂದ ನಮ್ಮ ರಾಜ್ಯದಲ್ಲಿ ಹಿಂದಿನವರಿಗೂ ಕಡ್ಡಾಯ. ಮುಕ್ಕಾಲು ಗಂಟೆಗೊಂದ್ಸಲ ನಿಲ್ಲಿಸಿ ಇಳಿದು ಕೈಕಾಲು ಆಡಿಸಿ. ಬಸುರಿ ಹೆಂಗಸ್ರನ್ನ, ಸೊಂಟದ ನೋವಿರೋ ವಯಸ್ಸಾದೋರನ್ನ ಏನೇ ಸರಿಮಾಡಿದ್ರೂ ಇಂಥ ಗಾಡಿ ಹತ್ತಿಸ್ಬೇಡಿ. ಬಸ್ಸು ತಡ ಆದ್ರೂ ಪರವಾಗಿಲ್ಲ.

ಇನ್ನೊಂದು ಮಾತು, ಕೋಪ ಮಾಡ್ಕಬೇಡಿ. ಈ ಗಾಡಿಗಳ ಮುಂಗಡ ಎಷ್ಟೋ ಮನೇಲಿ ಹೆಂಗಸ್ರ ಸಂಘದ ಸಾಲದಿಂದ, ಅಡವಿಟ್ಟ ಓಲೆಯಿಂದ ಬಂದಿರ್ತದೆ. ಕಂತು ಕಟ್ಟೋವಾಗ ನಾವು ಬೇಕು, ಸೀಟು ಆರಿಸೋವಾಗ ಬ್ಯಾಡವಾ? ಮುಂದಿನ ಸಲ ನಿಮ್ಮ ಮಗನೋ ತಮ್ಮನೋ ಶೋರೂಮಿಗೆ ಹೊರಟ್ರೆ ನೀವೂ ಸೀರೆ ಉಟ್ಕಂಡೇ ಹೋಗಿ. ಅವನು ಮುಂದೆ ಕುತ್ಕಳ್ಳಿ, ನೀವು ಹಿಂದೆ ಕುತ್ಕಳಿ, ಒಂದು ಸುತ್ತು ಓಡಿಸ್ಕಂಡು ಬನ್ನಿ. ಹಿಡಿ ಎಲ್ಲೈತೆ, ಕಾಲು ಎಲ್ಲಿಡ್ಬೇಕು, ಸೀರೆ ಗಾರ್ಡು ಐತಾ ಅಂತ ಕೇಳಿ. ಉತ್ತರ ಸರಿಯಾಗಿ ಬಂದ ಮೇಲೇ ಸಹಿ ಹಾಕಿ.