ಅವನಿಗೊಂದು ನಮೂನೆ ಇರಲಿಲ್ಲ

1976ರ ಮಳೆಗಾಲ. ಮಲೆನಾಡಿನ ಒಂದು ತಾಲೂಕಿನ ಭೂನ್ಯಾಯ ಮಂಡಳಿಯಲ್ಲಿ ನಾನು ಗುಮಾಸ್ತನಾಗಿದ್ದೆ. ವಯಸ್ಸು ಇಪ್ಪತ್ತಮೂರು. ಕಚೇರಿಯ ಜಗಲಿಯ ತುಂಬ ಕಂಬಳಿಕೊಪ್ಪೆ ಹಾಕಿಕೊಂಡ ಜನ. ಒಳಗೆ ಮೇಜಿನ ಹಿಂದೆ ಅಧ್ಯಕ್ಷರಾದ ಉಪವಿಭಾಗಾಧಿಕಾರಿ, ಅವರ ಎಡಬಲಕ್ಕೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ವಕೀಲರು ಬರುವಂತಿಲ್ಲ ಎಂದು ಭೂಸುಧಾರಣಾ ಕಾಯ್ದೆಯೇ ಹೇಳಿತ್ತು. ಹಾಗಾಗಿ ಒಕ್ಕಲೂ ಒಡೆಯರೂ ತಮ್ಮ ಮಾತನ್ನು ತಾವೇ ಆಡಬೇಕಿತ್ತು.

ಅಂದು ಎದುರಿಗೆ ನಿಂತ ಮುದುಕನ ಬಳಿ ಗೇಣಿ ಚೀಟಿ ಇರಲಿಲ್ಲ, ರಸೀದಿ ಇರಲಿಲ್ಲ, ಪಹಣಿಯಲ್ಲಿ ಹೆಸರೂ ಇರಲಿಲ್ಲ. ‘ಗದ್ದೆ ನೀನೇ ಮಾಡ್ತಿದ್ದೆ ಅನ್ನೋದಕ್ಕೆ ಏನು ಆಧಾರ?’ ಎಂದರು ಅಧ್ಯಕ್ಷರು. ಮುದುಕ ಕಣ್ಣು ಮುಚ್ಚಿಕೊಂಡು ಗದ್ದೆಯನ್ನು ಮೇಲಿನ ಅಂಚಿನಿಂದ ಹೇಳುತ್ತ ಬಂದ. ಯಾವ ಬದುವನ್ನು ಏಡಿ ಕೊರೆಯುತ್ತದೆ, ಎಲ್ಲಿ ನೀರು ನಿಲ್ಲುವುದಿಲ್ಲ, ಎಲ್ಲಿ ಎತ್ತಿನ ಕಾಲು ಹೂತುಹೋಗುತ್ತದೆ, ಎಲ್ಲವನ್ನೂ ಹೇಳಿದ. ಅದೇ ಪ್ರಶ್ನೆಗೆ ಒಡೆಯರ ಕಡೆಯವರು ಸರ್ವೆ ನಂಬರು ಹೇಳಿದರು, ಅಷ್ಟೇ. ಸ್ಥಳ ತನಿಖೆಗೆ ಹೋದಾಗ ಮುದುಕ ಹೇಳಿದ ಒಂದೊಂದು ಮಾತೂ ಸರಿಯಾಗಿತ್ತು. ಗದ್ದೆ ಅವನದಾಯಿತು. ನ್ಯಾಯವೆಂದರೆ ಇದೇ ಎಂದು ನನ್ನ ಎದೆ ತುಂಬಿಬಂದಿತ್ತು. ಇಂದಿಗೂ ಆ ತೀರ್ಪಿನ ಬಗ್ಗೆ ನನಗೆ ಹೆಮ್ಮೆಯಿದೆ.

ಆ ಮುದುಕ ಅಲ್ಲಿ ನಿಲ್ಲುವ ದಿನ ಸುಮ್ಮನೆ ಬಂದದ್ದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಜಗಳ ಹತ್ತಿದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆಯಲು ಒಡೆಯರು ಸರ್ಕಾರಿ ಅಳತೆಗಿಂತ ದೊಡ್ಡ ಕೊಳಗ ಬಳಸುತ್ತಿದ್ದರು. ರೈತರು ಕೇಳಿದ್ದು ಸರಿಯಾದ ಅಳತೆ. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗ ಸರಿಯಾಗಲಿ ಎಂದು ಶುರುವಾದ ಮಾತು, ಉಳುವವನಿಗೆ ನೆಲವೇ ಸೇರಲಿ ಎನ್ನುವಲ್ಲಿಗೆ ಬೆಳೆಯಿತು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಒಕ್ಕಲಾದವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು, ಮಂಡಳಿ ವಿಚಾರಿಸಿ ಹಕ್ಕು ಕೊಡಬೇಕಿತ್ತು. ಕಾಗೋಡಿನಿಂದ ಅಲ್ಲಿಗೆ ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು.

ಆದರೆ ಆ ಜಗಲಿಯಲ್ಲಿ ನ್ಯಾಯಕ್ಕೆ ಒಂದೇ ಅರ್ಥವಿರಲಿಲ್ಲ.

ಒಬ್ಬ ಗೇಣಿದಾರ ಅರ್ಜಿ ಹಾಕಲು ಒಪ್ಪಲೇ ಇಲ್ಲ. ಅವನ ಹೆಂಡತಿಯ ಬಾಣಂತನಕ್ಕೆ, ಮಗಳ ಮದುವೆಗೆ ಅಕ್ಕಿ ಕಳಿಸಿದ್ದು ಒಡೆಯರ ಮನೆ. ‘ಅನ್ನ ಕೊಟ್ಟ ಮನೆ ಮೇಲೆ ಅರ್ಜಿ ಹಾಕಿದ್ರೆ ದೇವ್ರು ಮೆಚ್ತಾನಾ?’ ಎಂದ. ಆತ ಅಂಜಿ ಹಾಗೆ ಹೇಳಿರಬಹುದು ಎಂದು ಮೊದಲು ಅನಿಸಿತ್ತು. ಅಂಜಿಕೆ ಸ್ವಲ್ಪ ಇತ್ತು, ನಿಜ. ಆದರೆ ಋಣ ತೀರಿಸುವುದೇ ನ್ಯಾಯ ಎಂಬ ನಂಬಿಕೆ ಅದಕ್ಕಿಂತ ದೊಡ್ಡದಿತ್ತು. ತಲೆಮಾರುಗಟ್ಟಲೆ ತಾನು ಬೆಳೆದುಕೊಟ್ಟ ಭತ್ತದ ಋಣ ಒಡೆಯರ ಮೇಲೂ ಇದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ದಿನ ಬಿಳಿ ಸೀರೆಯ ಅಮ್ಮ ಒಬ್ಬರು ಬಂದರು. ಮಕ್ಕಳಿಲ್ಲ. ಗಂಡ ಬಿಟ್ಟುಹೋದ ಎರಡು ಎಕರೆಯನ್ನು ಉಳಿಸಿಕೊಳ್ಳಲು ಅವರಿಗಿದ್ದ ದಾರಿ ಗೇಣಿಗೆ ಕೊಡುವುದೊಂದೇ. ಹೊಸ ಕಾಯ್ದೆ ಗೇಣಿಗೆ ಕೊಡುವ ಅವಕಾಶವನ್ನು ಸೈನಿಕರಿಗೆ, ನಾವಿಕರಿಗೆ ಬಿಟ್ಟರೆ ಇನ್ನಾರಿಗೂ ಉಳಿಸಿರಲಿಲ್ಲ. ‘ನಾನು ಯಾರಿಗೂ ದೊಡ್ಡ ಕೊಳಗದಲ್ಲಿ ಅಳೆದವಳಲ್ಲಪ್ಪ’ ಎಂದರು. ನಿಜವಾಗಿಯೂ ಆಕೆಯ ಒಕ್ಕಲು ಆಕೆಗಿಂತ ಸ್ಥಿತಿವಂತ. ಗದ್ದೆ ಅವನಿಗೆ ಹೋಯಿತು. ಕಾಯ್ದೆಯ ಪ್ರಕಾರ ಅದು ಸರಿ. ಆದರೆ ಕೈಲಾಗದ ವಯಸ್ಸಿನಲ್ಲಿ ಆಕೆಗೆ ಆಸರೆಯಾಗಬೇಕಿದ್ದ ಅಕ್ಕಿಯೂ ಅದರ ಜೊತೆಗೇ ಹೋಯಿತು.

ನನ್ನನ್ನು ಈಗಲೂ ಕಾಡುವವನು ಮೂರನೆಯವನು. ಹಕ್ಕು ಪಡೆದ ಒಬ್ಬ ಗೇಣಿದಾರನ ಹಿಂದೆ ಬಂದಿದ್ದ ದಲಿತ ಆಳು. ಎಲ್ಲರೂ ಹೋದ ಮೇಲೆ ಬಾಗಿಲ ಹೊರಗೇ ನಿಂತು ಕೇಳಿದ: ‘ಸ್ವಾಮಿ, ಉಳೋನಿಗೇ ಭೂಮಿ ಅಂದ್ರಲ್ಲ. ಆ ಗದ್ದೆ ಉಳೋನು ನಾನೇ. ನಂದು ಯಾವ ನಮೂನೆ?’

ನನ್ನ ಕಪಾಟಿನಲ್ಲಿ ಅವನಿಗೊಂದು ನಮೂನೆ ಇರಲಿಲ್ಲ. ಕಾಯ್ದೆಯ ಕಣ್ಣಿಗೆ ಅವನು ಕೂಲಿ, ಒಕ್ಕಲಲ್ಲ. ಅವನಂಥ ಕೆಲವರಿಗೆ ಮುಂದೆ ಗುಡಿಸಲು ನಿಂತ ನೆಲ ಸಿಕ್ಕಿರಬಹುದು, ನೇಗಿಲು ಹಿಡಿದ ನೆಲ ಸಿಗಲಿಲ್ಲ. ಮಂಡಳಿಯಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು ಎಂದು ಕಾಯ್ದೆ ಹೇಳಿತ್ತು. ತೀರ್ಪು ಹೇಳುವ ಕಡೆ ಅವರಿಗೊಂದು ಕುರ್ಚಿ ಇತ್ತು, ಹಕ್ಕು ಕೇಳುವ ಕಡೆ ಅವನಿಗೆ ಕಾಲೂರಲು ಜಾಗವಿರಲಿಲ್ಲ.

ಹೆಣ್ಣುಮಕ್ಕಳ ಪಾಡೂ ಹಾಗೆಯೇ. ಸಸಿ ಕಿತ್ತವರು, ನೆಟ್ಟವರು, ಕಳೆ ತೆಗೆದವರು ಅವರು. ನನ್ನ ಕೈಯಲ್ಲಿ ಹೋದ ಆದೇಶಗಳಲ್ಲಿ ಹೆಸರು ಬಂದದ್ದು ಅಪ್ಪನದು, ಇಲ್ಲವೇ ಹಿರಿಯಣ್ಣನದು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕದ ಕಾನೂನು ಹೇಳಿದ್ದು 1994ರಲ್ಲಿ. ಆಗಲೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ, ಅದರ ಅರ್ಥದ ಬಗೆಗಿನ ಗೊಂದಲವನ್ನು ಸುಪ್ರೀಂ ಕೋರ್ಟ್ ಬಗೆಹರಿಸಿದ್ದು 2020ರಲ್ಲಿ.

ಅಮರ್ತ್ಯ ಸೇನ್ 2009ರಲ್ಲಿ ಬರೆದ ನ್ಯಾಯದ ಕುರಿತ ಪುಸ್ತಕದಲ್ಲಿ ನೀತಿ ಮತ್ತು ನ್ಯಾಯ ಎಂಬ ಎರಡು ಸಂಸ್ಕೃತ ಪದಗಳನ್ನು ಬೇರೆ ಮಾಡಿ ತೋರಿಸುತ್ತಾರೆ. ಕಟ್ಟುಕಟ್ಟಳೆ, ಸಂಸ್ಥೆಗಳು ಸರಿಯಿರುವುದು ನೀತಿ. ಜನರ ಬಾಳಿನಲ್ಲಿ ಕಡೆಗೆ ಏನಾಯಿತು ಎಂಬುದು ನ್ಯಾಯ. ನಿವೃತ್ತನಾದ ಮೇಲೆ ಅದನ್ನು ಓದಿದಾಗ ನನಗೆ ಆ ಮೂವರೂ ನೆನಪಾದರು. ನಮ್ಮ ಮಂಡಳಿ ಅವಸರದಲ್ಲಿ ಬರೆದ ಎಷ್ಟೋ ಆದೇಶಗಳು, ಕಾರಣ ಕೊಟ್ಟಿಲ್ಲ, ಎದುರು ಪಕ್ಷದ ಮಾತು ಕೇಳಿಲ್ಲ ಎಂದು ಹೈಕೋರ್ಟಿನಿಂದ ವಾಪಸು ಬಂದವು. ಕ್ರಮ ತಪ್ಪಿದ ನ್ಯಾಯ ನಿಲ್ಲುವುದಿಲ್ಲ ಎಂಬುದನ್ನು ನಾನು ಅಲ್ಲಿ ಕಲಿತೆ. ಕ್ರಮವನ್ನೇ ನ್ಯಾಯವೆಂದುಕೊಂಡರೆ ಬಾಗಿಲ ಹೊರಗೆ ನಿಂತವನು ಅಲ್ಲೇ ಉಳಿಯುತ್ತಾನೆ ಎಂಬುದನ್ನೂ ಕಲಿತೆ.

ಇದನ್ನೆಲ್ಲ ಇಂದು ಬರೆಯಲು ಕಾರಣ ಶರಾವತಿ ಕಣಿವೆಯ ಜನ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ, ಗದ್ದೆ, ತೋಟ ಬಿಟ್ಟವರು ಅವರು. ನಾಡಿಗೆ ಬೆಳಕು ಬಂತು. ಅವರಲ್ಲಿ ಎಷ್ಟೋ ಕುಟುಂಬಗಳನ್ನು ಸರ್ಕಾರವೇ ಶಿವಮೊಗ್ಗ ಜಿಲ್ಲೆಯ ಕಾಡಿನ ನೆಲಕ್ಕೆ ತಂದು ಇಳಿಸಿತು. ಅಜ್ಜ ಕಾಡು ಕಡಿದು ಗದ್ದೆ ಮಾಡಿದ, ಮೊಮ್ಮಗ ಇಂದೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾನೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯದ ನೆಲ ಕೊಡುವಂತಿಲ್ಲ. ಆ ಒಪ್ಪಿಗೆ ಪಡೆಯದೆ ರಾಜ್ಯ ಹೊರಡಿಸಿದ ಆದೇಶಗಳು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕೋಣವೆಂದರೆ, ಬುಡಕಟ್ಟಿನವರಲ್ಲದವರು 2005ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದಕ್ಕೆ ಆಧಾರ ಕೊಡಬೇಕು. ಅರವತ್ತರ ದಶಕದಲ್ಲಿ ಸರ್ಕಾರದ ಲಾರಿಯಲ್ಲಿ ಬಂದಿಳಿದವರು 75 ವರ್ಷವನ್ನು ಎಲ್ಲಿಂದ ತರಬೇಕು?

ಕಾಡು ಉಳಿಯಲಿ ಎನ್ನುವವರದೂ ನ್ಯಾಯದ ಮಾತೇ. ಪಶ್ಚಿಮ ಘಟ್ಟ ಎಷ್ಟು ಬರಿದಾಗಿದೆ ಎಂಬುದನ್ನು ಕಣ್ಣಾರೆ ಕಂಡವನು ನಾನು. ಹೊಸ ಒತ್ತುವರಿಗೆ ಮುಳುಗಡೆ ಸಂತ್ರಸ್ತರ ಹೆಸರು ಬಳಸಿಕೊಳ್ಳುವವರೂ ಇದ್ದಾರೆ. ಅದಕ್ಕಾಗಿಯೇ ಮನೆಮನೆಯ ವಿಚಾರಣೆ ಬೇಕು. ಕಾಡನ್ನು ಕಾಯುವ ಭಾರವನ್ನು, ಆಗಲೇ ನಾಡಿಗಾಗಿ ಎಲ್ಲವನ್ನೂ ಕೊಟ್ಟವನೊಬ್ಬನ ಹೆಗಲ ಮೇಲೆ ಹೊರಿಸುವುದು ಮಾತ್ರ ಅನ್ಯಾಯ.

ಆಗುವ ಕೆಲಸವನ್ನೇ ನಾನು ಕೇಳುತ್ತಿದ್ದೇನೆ. ಮುಳುಗಡೆ ಸಂತ್ರಸ್ತರಿಗಾಗಿಯೇ ಒಂದು ನ್ಯಾಯಮಂಡಳಿ ಮಾಡಿ. ಅದು ಅವರ ಊರಿಗೇ ಹೋಗಿ ಕೂರಲಿ, ಅವರ ಮಾತಿನಲ್ಲೇ ವಿಚಾರಿಸಲಿ. ಕಾಗದವಿಲ್ಲದವನ ಗದ್ದೆಗೆ ಇಳಿದು ನೋಡಲಿ, ನೆರೆಯವರ ಸಾಕ್ಷ್ಯ ಬರೆದುಕೊಳ್ಳಲಿ. ಅರಣ್ಯ ಇಲಾಖೆಯ ಮಾತನ್ನೂ ಪೂರ್ತಿ ಕೇಳಲಿ, ಕಾರಣ ಕೊಟ್ಟು ಆದೇಶ ಮಾಡಲಿ. ಹಕ್ಕುಪತ್ರದಲ್ಲಿ ಗಂಡನ ಜೊತೆ ಹೆಂಡತಿಯ ಹೆಸರೂ ಇರಲಿ. ಅಗತ್ಯವಾದ ಕೇಂದ್ರದ ಒಪ್ಪಿಗೆಯನ್ನು ನಮ್ಮ ಸಂಸದರು ಪಕ್ಷ ಮರೆತು ಒಟ್ಟಾಗಿ ತರಲಿ. ಮುಖ್ಯವಾಗಿ, ಅರ್ಜಿಯ ನಮೂನೆ ಅಚ್ಚಾಗುವ ಮುಂಚೆ ಒಂದು ಸಲ ಆ ಊರುಗಳಿಗೆ ಹೋಗಿ, ಮುಳುಗಿದ ಊರಿನಲ್ಲೂ ಸ್ವಂತ ನೆಲವಿಲ್ಲದೆ ಕೂಲಿ ಮಾಡಿಕೊಂಡಿದ್ದವರು ಯಾರು, ಈಗ ಎಲ್ಲಿದ್ದಾರೆ ಎಂದು ಹುಡುಕಿ. ಅವರು ಕೇಳುವ ಮೊದಲೇ ಅವರಿಗೊಂದು ನಮೂನೆ ಸಿದ್ಧವಾಗಿರಲಿ.

ಅಂದು ಆ ಆಳು ಕೇಳಿದ ಪ್ರಶ್ನೆಯನ್ನು ನಾನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬರೆಯಬೇಕಿತ್ತು.