ನೀಳಮೀಸೆಯವರ ವಂಶಾವಳಿ

ಮಳೆಗಾಲದ ಇರುಳುಗಳಲ್ಲಿ, ಮಾವಿನ ತೋಪಿನ ಮಗ್ಗುಲಲ್ಲಿ ಮನೆಯುಳ್ಳವರ ದೀಪಕ್ಕೆ ಒಮ್ಮೊಮ್ಮೆ ಬೂದುಬಣ್ಣದ ದೊಡ್ಡ ದುಂಬಿಯೊಂದು ಹಾರಿಬಂದು ಗೋಡೆಗೆ ಬಡಿದು ಬೀಳುವುದುಂಟು. ಗಿಣ್ಣುಗಿಣ್ಣಾದ ಎರಡು ನೀಳ ಕುಡಿಮೀಸೆಗಳನ್ನು ಅದು ಬೆನ್ನಿನತ್ತ ಬಾಗಿಸಿಕೊಂಡಿರುತ್ತದೆ. ಹಿಡಿದೆತ್ತಿದರೆ ಕೊರಳನ್ನು ಮೇಲೆ ಕೆಳಗೆ ಆಡಿಸುತ್ತ ಕಿರಕಿರನೆ ಸದ್ದುಮಾಡುವುದು. ಈ ಸದ್ದು ಬಾಯಿಯದಲ್ಲ. ಎದೆಯ ಮುಂಭಾಗದ ಅಂಚು ಹಿಂದಿನ ಗೀರುಗಳುಳ್ಳ ಫಲಕವನ್ನು ಉಜ್ಜುವಾಗ, ಬಾಚಣಿಗೆಯ ಹಲ್ಲುಗಳ ಮೇಲೆ ಉಗುರೆಳೆದಂತೆ ಹುಟ್ಟುವ ಸದ್ದು. ಮಾವಿನ ಕಾಂಡಕೊರಕವೆಂಬುದು ಇದೇ. ಶಾಸ್ತ್ರಜ್ಞರು ಇದನ್ನು ಬ್ಯಾಟೊಸಿರಾ ರೂಫೊಮ್ಯಾಕುಲೇಟಾ ಎನ್ನುವರು.

ಇದರ ಕುಟುಂಬದ ಹೆಸರು ಸೆರಾಂಬಿಸಿಡೀ. ವನದೇವತೆಯರನ್ನು ಹಳಿದ ತಪ್ಪಿಗಾಗಿ ಸೆರಾಂಬಸ್ ಎಂಬ ಕುರಿಗಾಹಿ ಗಾಯಕನು ಮರ ಕೊರೆಯುವ ಹುಳುವಾದನೆಂದು ಗ್ರೀಕರ ಪುರಾಣವೊಂದು ಹೇಳುವುದು. ನಮ್ಮಲ್ಲಿ ಶಾಪಗ್ರಸ್ತರು ಕಲ್ಲೋ ಹೆಬ್ಬಾವೋ ಆಗುವರು. ಈ ಶಾಪದಲ್ಲಿ ಸಂಗೀತವನ್ನಾದರೂ ಕಿತ್ತುಕೊಂಡಿಲ್ಲವೆಂದು ಸಮಾಧಾನಪಡಬಹುದು. ಈ ಕುಟುಂಬದಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳೇ 35,000ಕ್ಕೆ ಮಿಗಿಲು. ಅವುಗಳ ತವರೆಂದರೆ ಉಷ್ಣವಲಯದ ಕಾಡು. ಅಮೆಜಾನಿನ ಟೈಟನಸ್ 16 ಸೆಂಟಿಮೀಟರನ್ನೂ ಮೀರುವ ದೈತ್ಯ. ಅಕ್ಕಿಕಾಳಿನಷ್ಟೇ ಇರುವ ಬಂಧುಗಳೂ ಉಂಟು. ದಕ್ಷಿಣ ಅಮೆರಿಕದ ಚಿತ್ರವರ್ಣದ ಆಕ್ರೊಸೈನಸ್ ತನ್ನ ರೆಕ್ಕೆಗಳಡಿಯಲ್ಲಿ ಪುಟ್ಟ ಹುಸಿಚೇಳುಗಳನ್ನು ಕೂರಿಸಿಕೊಂಡು ಒಂದು ಕೊಳೆತ ಮರದಿಂದ ಇನ್ನೊಂದಕ್ಕೆ ಒಯ್ಯುವುದು.

ಇಷ್ಟೊಂದು ಜನಜಂಗುಳಿಯನ್ನು ಒಕ್ಕಲುಗಳಾಗಿ ವಿಂಗಡಿಸುವುದೆಂತು? ಮೀಸೆಯ ಉದ್ದವನ್ನು ಅಳೆದರಾಯಿತೆಂದು ವಾಚಕರು ಭಾವಿಸಬಹುದು. ಪಂಡಿತರು ನೋಡುವುದು ಮುಖವನ್ನು. ಲಾಮಿಯೀನೀ ಎಂಬ ಉಪಕುಟುಂಬದವರ ಮುಖ ಗೋಡೆಯಂತೆ ನೆಟ್ಟಗೆ ಕೆಳಗಿಳಿದಿರುವುದು. ಬಾಯಿಯ ಬಳಿಯ ಕಿರುಸ್ಪರ್ಶಾಂಗದ ತುದಿ ಮೊನಚು. ಸೆರಾಂಬಿಸೀನೀ ಪಂಗಡದವರ ಮುಖ ಮುಂದಕ್ಕೆ ಓರೆ. ಆ ತುದಿ ಮೊಂಡು. ಪ್ರಯೋನೀನೀ ಎಂಬವರ ಕೊರಳ ಫಲಕದ ಪಕ್ಕದಲ್ಲಿ ಚೂಪಾದ ಅಂಚು, ಹಲವರಲ್ಲಿ ಅದರ ಮೇಲೆ ಹಲ್ಲು. ಮಿಕ್ಕ ಪಂಗಡಗಳು ಚಿಕ್ಕವು. ಕುಟುಂಬದ ಅರ್ಧಕ್ಕಿಂತ ಹೆಚ್ಚು ಪಾಲು ಲಾಮಿಯೀನೀಯದೇ. ನಮ್ಮ ಮಾವಿನ ಕೊರಕವೂ ಅದರಲ್ಲಿಯೇ ಸೇರಿದುದು. ಆದರೂ ಗಹನ್ ಮಹಾಶಯರು 1906ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಮಾಲೆಯಲ್ಲಿ ಈ ದುಂಬಿಗಳ ಸಂಪುಟವನ್ನು ಹೊರತಂದಾಗ ಲಾಮಿಯೀನೀಯನ್ನು ಕೈಬಿಟ್ಟಿದ್ದರು. ಅದಕ್ಕಾಗಿ ಬೇರೆ ಸಂಪುಟ ಆ ಮಾಲೆಯಲ್ಲಿ ಬರಲೇ ಇಲ್ಲ. ಮನೆಯ ಹಿರಿಯ ಮಗನನ್ನೇ ಬಿಟ್ಟು ವಂಶಾವಳಿ ಬರೆದಂತಾಯಿತು!

ಈ ಸಂಪತ್ತು ಮನುಷ್ಯನ ಕಣ್ಣಿಗೆ ಬೀಳುವ ರೀತಿಯೂ ವಿಚಿತ್ರವೇ. 1855ರಲ್ಲಿ ವಾಲೇಸ್ ಬೋರ್ನಿಯೋ ದ್ವೀಪದ ಸಿಮುಂಜೋನ್ ಎಂಬಲ್ಲಿ ಬೀಡುಬಿಟ್ಟನು. ಅಲ್ಲಿ ಕಲ್ಲಿದ್ದಲ ಗಣಿಗಾಗಿ ಕಾಡನ್ನು ಕಡಿಯುತ್ತಿದ್ದರು. ಹುಳುವೊಂದಕ್ಕೆ ಒಂದು ಸೆಂಟಿನಂತೆ ತೆತ್ತು ಮರಕಡಿಯುವವರಿಂದಲೂ ಆತನು ಹುಳುಗಳನ್ನು ತರಿಸಿದನು. ಬೋರ್ನಿಯೋದಲ್ಲಿ ಅವನಿಗೆ ದೊರೆತ ದುಂಬಿಗಳು ಸುಮಾರು 2000 ಬಗೆ. ನೂರರಷ್ಟನ್ನು ಬಿಟ್ಟು ಉಳಿದುವೆಲ್ಲ ಆ ಒಂದು ಚದರ ಮೈಲಿಯವು. ನೀಳಮೀಸೆಯವರಲ್ಲಿ ಬಹುಮಂದಿ ತತ್ತಿಯಿಡುವುದು ಸತ್ತ ಮರದಲ್ಲಿ, ಸಾಯುತ್ತಿರುವ ಮರದಲ್ಲಿ. ಕೊಡಲಿ ಬಿದ್ದ ಮರದ ಹಸಿಗಂಧಕ್ಕೆ ಅವು ದೂರದಿಂದ ನೆರೆಯುವುವು. ಮರಿಹುಳುಗಳು ಆ ಮರವನ್ನು ಕೊರೆದು ಪುಡಿಮಾಡಿ ಮಣ್ಣಿಗೆ ಹಿಂದಿರುಗಿಸುವುವು. ಆದರೆ ಕಾಡೆಲ್ಲ ಉರುಳಿದ ಬಳಿಕ ಮುಂದಿನ ತಲೆಮಾರಿಗೆ ಸಾಯಲೊಂದು ಮರವೂ ಉಳಿಯದು.

ಕೊಡಲಿಯ ಇನ್ನೊಂದು ಕಥೆ ನಮ್ಮ ಕೊಡಗಿನದು. 1860ರ ದಶಕದಲ್ಲಿ ಅಲ್ಲಿನ ಕಾಫಿತೋಟಗಳು ಒಳಗಿನಿಂದ ಟೊಳ್ಳಾಗಿ ಒಣಗತೊಡಗಿದುವು. ಕಾರಣವಾದುದು ಕ್ಸೈಲೊಟ್ರೆಕಸ್ ಕ್ವಾಡ್ರಿಪಸ್ ಎಂಬ ಬಿಳಿ ಕಾಂಡಕೊರಕ. ಇದಕ್ಕೆ ಶೆವ್ರೊಲಾ 1863ರಲ್ಲಷ್ಟೇ ಹೆಸರಿಟ್ಟಿದ್ದನು. ಕಪ್ಪು ಮೈಯ ಮೇಲೆ ಬೂದುಬಿಳಿಯ ಪಟ್ಟೆಗಳುಳ್ಳ, ಒಂದು ಅಂಗುಲವೂ ಇಲ್ಲದ ಈ ದುಂಬಿಯನ್ನು ನೋಡಿದರೆ ಕಣಜವೆಂದು ಭ್ರಮೆಯಾಗುವುದು. ಮೀಸೆಯಂತೂ ಮೈಯ ಅರ್ಧದಷ್ಟೂ ಇಲ್ಲ! ಹೆಸರನ್ನು ನಂಬಿ ಉದ್ದಮೀಸೆಯನ್ನು ಹುಡುಕುವ ತೋಟಗಾರನು ಮಾವಿನ ದುಂಬಿಯನ್ನು ಕಾಫಿಯ ವೈರಿಯೆಂದು ಹೊಸಕಿಹಾಕಿ, ನಿಜವಾದ ವೈರಿಯನ್ನು ಕಣಜವೆಂದು ಹಾರಿಹೋಗಗೊಡುವನು. ಮುಖವನ್ನು ನೋಡಿ ಕುಲ ತಿಳಿಯುವ ಪಂಡಿತರ ಪರಿಪಾಟಿ ಇಲ್ಲಿ ಹಣದ ಮಾತಾಗುವುದು.

ಡಾಕ್ಟರ್ ಬಿಡೀ ಎಂಬವರು ಈ ಪಿಡುಗನ್ನು ಪರಿಶೀಲಿಸಿ 1869ರಲ್ಲಿ ವರದಿಯನ್ನೊಪ್ಪಿಸಿದರು. ಕಾಡನ್ನು ಬೋಳಿಸಿ ಬಟ್ಟಬಿಸಿಲಿನಲ್ಲಿ ಕಾಫಿ ಬೆಳೆದುದರ ಫಲವಿದು, ನೆರಳಿನ ಮರಗಳನ್ನು ಬೆಳೆಸಬೇಕು ಎಂಬುದು ಅವರ ಅಭಿಪ್ರಾಯದ ತಿರುಳು. ಹೆಣ್ಣುದುಂಬಿ ಬಿಸಿಲು ಬಿದ್ದ ಕಾಂಡವನ್ನೇ ಅರಸಿ ತೊಗಟೆಯ ಬಿರುಕಿನಲ್ಲಿ ತತ್ತಿಯಿಡುವುದು. ಇದರ ಕಾಟ ಮುಖ್ಯವಾಗಿ ಅರೇಬಿಕಾಕ್ಕೆ. ರೊಬಸ್ಟಾ ಬಹುಮಟ್ಟಿಗೆ ಪಾರಾಗುವುದು. ದುಂಬಿಗಳು ಹಾರುವ ಕಾಲ ಏಪ್ರಿಲ್–ಮೇ ಮತ್ತು ಅಕ್ಟೋಬರಿನಿಂದ ಡಿಸೆಂಬರ್. ಅದಕ್ಕೆ ಮೊದಲೇ ಸಡಿಲವಾದ ತೊಗಟೆಯನ್ನು ಉಜ್ಜಿ ತೆಗೆದು ಕಾಂಡವನ್ನು ನುಣುಪುಮಾಡುವರು. ಏಣುಗಳೆದ್ದ ಗಿಡಗಳನ್ನು ಬೇರುಸಹಿತ ಕಿತ್ತು ಸುಡುವರು. ಕಿತ್ತುದನ್ನು ಸೌದೆಗೆಂದು ಹಿತ್ತಲಲ್ಲಿ ಒಟ್ಟಿಟ್ಟರೆ ಕೇಡು. ಒಳಗಿನ ಹುಳು ಆ ಒಣಕಾಂಡದಲ್ಲಿಯೇ ಬೆಳೆದು, ರೆಕ್ಕೆ ಬಲಿತು, ಪಕ್ಕದ ತೋಟಕ್ಕೆ ಹಾರುವುದು.