ಸೆಕೆಂಡಿಗೆ 1,200 ಪಟಾಕಿ

ಪ್ರೀತಿಯ ಮೊಮ್ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಹುಡುಕುತ್ತಾ ಕುಳಿತಿರುವ ನನ್ನ ವಯಸ್ಸಿನವರೇ,

ಹೋದ ತಿಂಗಳು ಒಂದು ಶನಿವಾರ ರಾತ್ರಿ 11 ಗಂಟೆಗೆ ನಮ್ಮ ಬೀದಿಯಲ್ಲಿ ಗುಡುಗಿತು. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಎದುರು ಮನೆಯ ಮೂರು ತಿಂಗಳ ಕೂಸು ಬೆಚ್ಚಿ ಅಳತೊಡಗಿತು. ಬೀದಿನಾಯಿಗಳೆಲ್ಲ ಸಭೆ ಸೇರಿದವು. ನಾನು ಬಾಗಿಲು ತೆರೆದು ನೋಡಿದರೆ ಗೇಟಿನ ಮುಂದೆ ನಮ್ಮ ಮೊಮ್ಮಗನ ಕಾರು!

ಅವನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾನೆ. ಸಂಬಳ ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದ. ಈಗ ಅದಕ್ಕೆ ಬೇರೆ ಸೈಲೆನ್ಸರ್ ಹಾಕಿಸಿಕೊಂಡು ಬಂದಿದ್ದ. ಸೈಲೆನ್ಸರ್ ಎಂದರೆ ಸದ್ದು ಅಡಗಿಸುವ ವಸ್ತು ಎಂದು ನಾವು ಕಲಿತಿದ್ದೆವು. ಇದು ಸದ್ದು ಮಾಡುವ ಸೈಲೆನ್ಸರ್!

"ಹೇಗಿದೆ ತಾತ ಸೌಂಡು?" ಎಂದ. ರ‍್ಯಾಂಕ್ ಬಂದ ಹುಡುಗನ ಕಳೆ ಮುಖದಲ್ಲಿ.

ಬೈಯಬೇಕಿತ್ತು. ಬಾಯಿ ಬರಲಿಲ್ಲ. ಯಾಕೆಂದರೆ ಅವನಿಗೆ ಈ ಹುಚ್ಚು ಹಿಡಿಸಿದವನು ನಾನೇ. ಆ ಕಥೆ ಹೇಳುತ್ತೇನೆ ಕೇಳಿ.

ಅಂದು 2011ರ ಸೆಪ್ಟೆಂಬರ್ 27, ಮಂಗಳವಾರ. ಮಹಾಲಯ ಅಮಾವಾಸ್ಯೆ, ಶಾಲೆಗೆ ರಜೆ. ಮೊಮ್ಮಗನಿಗೆ ಆಗ ಎಂಟು ವರ್ಷ. ಫಾರ್ಮುಲಾ ಒನ್ ರೇಸಿನ ಲೂಯಿಸ್ ಹ್ಯಾಮಿಲ್ಟನ್, 2008ರಲ್ಲೇ ವಿಶ್ವ ಚಾಂಪಿಯನ್ ಆಗಿದ್ದವರು, ಎರಡು ದಿನದ ಹಿಂದೆ ಸಿಂಗಪುರದಲ್ಲಿ ರೇಸ್ ಮುಗಿಸಿ ನಮ್ಮ ಬೆಂಗಳೂರಿಗೆ ಬಂದಿದ್ದರು. ಮೆಕ್ಲಾರೆನ್ ಕಾರನ್ನು ನೈಸ್ ರಸ್ತೆಯಲ್ಲಿ ಓಡಿಸಿ ತೋರಿಸುತ್ತಾರೆ ಎಂದು ಪೇಪರಿನಲ್ಲಿ ಓದಿದ್ದೆ. ನೈಸ್ ರಸ್ತೆ ಗೊತ್ತಲ್ಲ? ನಮ್ಮ ಪೀಣ್ಯದ ಕಡೆಯ ತುಮಕೂರು ರಸ್ತೆಯಿಂದ ಹೊರಟು, ಊರನ್ನು ಹೊರಗಿನಿಂದ ಬಳಸಿಕೊಂಡು, ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಹೊಸೂರು ರಸ್ತೆಗೆ ಸೇರುವ ದಾರಿ.

"ಹಿರಿಯರಿಗೆ ಎಡೆ ಇಡುವ ದಿನ ಕಾರು ನೋಡೋಕೆ ಹೊರಟಿದೀರಲ್ಲ" ಎಂದು ಮೊಮ್ಮಗನ ಅಜ್ಜಿ ಗೊಣಗಿದಳು. ಆದರೂ ಹೊರಟೆವು. ನಾನು, ಮೊಮ್ಮಗ, ಜೊತೆಗೆ ಅಜ್ಜಿಯ ಅಣ್ಣ, ನಮ್ಮ ಭಾವ. ಮನೆಯ ಮಕ್ಕಳೆಲ್ಲ ಅವರನ್ನು 'ಪ್ರೆಸ್ ತಾತ' ಎನ್ನುತ್ತಾರೆ. ಪತ್ರಿಕೆಯವರಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ 28 ವರ್ಷ ಪವರ್ ಪ್ರೆಸ್ ಯಂತ್ರದ ಮುಂದೆ ನಿಂತು ತಗಡಿನಿಂದ ವಾಷರ್ ಕತ್ತರಿಸಿದವರು. ಆಗಲೇ ಅವರಿಗೆ ಕಿವಿ ಮಂದವಾಗಿತ್ತು.

ಸಾವಿರಾರು ಜನ ಸೇರಿದ್ದರು. ದೂರದಲ್ಲಿ ಮೊದಲು ಒಂದು ಜೀರುಂಡೆ ಕೂಗಿದ ಹಾಗಾಯಿತು. ಜೀರುಂಡೆ ಕಣಜವಾಯಿತು, ಕಣಜ ಕಾರ್ಖಾನೆಯ ಸೈರನ್ ಆಯಿತು. ಆಮೇಲೆ ಅದು ಯಾವುದರ ಹಾಗೂ ಇರಲಿಲ್ಲ. ಎದೆಗೂಡಿನೊಳಗೆ ಯಾರೋ ಡೋಲು ಇಟ್ಟು ಬಾರಿಸಿದಂತೆ, ಹಲ್ಲಿನ ಬುಡ ಜುಮ್ಮೆನ್ನುವಂತೆ ಕಾರು ನಮ್ಮನ್ನು ದಾಟಿತು. ದಾಟುತ್ತಿದ್ದ ಹಾಗೇ ಸ್ವರ ಕೆಳಗಿಳಿಯಿತು. ಕಾರನ್ನು ಒಂದೇ ಕಡೆ ಬುಗುರಿಯಂತೆ ಸುತ್ತಿಸಿದರು. ಟೈರಿನಿಂದ ಬೆಳ್ಳಗೆ ಹೊಗೆ. ಮೊಮ್ಮಗ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕುಣಿಯುತ್ತಿದ್ದ.

ನಾನು ಪ್ರೆಸ್ ತಾತನ ಕಡೆ ನೋಡಿದೆ. ಅವರ ಕಣ್ಣಲ್ಲಿ ನೀರು. "ಕೇಳಿಸ್ತು ಕಣಯ್ಯಾ! ಪೂರ್ತಿ ಕೇಳಿಸ್ತು!" ಎಂದರು.

ಆ ಮಾತು ಈಗ ಹಾಗೇ ಇರಲಿ. ಮತ್ತೆ ಅದಕ್ಕೇ ಬರುತ್ತೇನೆ. ಮೊದಲು ಆ ಸದ್ದಿನ ಲೆಕ್ಕ ಮಾಡೋಣ. ನಾನು ಬಿ.ಕಾಂ. ಓದಿದವನು, ಬ್ಯಾಂಕ್ ಗುಮಾಸ್ತ. ಲೆಕ್ಕ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ.

ಪೆಟ್ರೋಲ್ ಎಂಜಿನ್ ಎಂದರೆ ಒಂದು ಪಟಾಕಿ ಕಾರ್ಖಾನೆ. ಸಿಲಿಂಡರಿನೊಳಗೆ ಪೆಟ್ರೋಲು, ಗಾಳಿ ಬೆರೆತು, ಕಿಡಿ ತಗುಲಿ ಉರಿಯುತ್ತದೆ. ಆ ಬಿಸಿ ಹೊಗೆ ಪಿಸ್ಟನ್ನನ್ನು ತಳ್ಳಿ, ಇನ್ನೂ ಒತ್ತಡ ಉಳಿದಿರುವಾಗಲೇ ಬಾಗಿಲು ತೆರೆದ ಕೂಡಲೇ ಹೊರಗೆ ನುಗ್ಗುತ್ತದೆ. ಆ ನುಗ್ಗುವಿಕೆಯೇ 'ಢಂ'. ಕಾರಿನ ಎಂಜಿನ್ ಎರಡು ಸುತ್ತು ತಿರುಗಿದರೆ ಪ್ರತಿ ಸಿಲಿಂಡರಿನಲ್ಲಿ ಒಂದು ಸಲ ಢಂ.

ನಿಂತಿರುವ ಬುಲೆಟ್ ಬೈಕಿಗೆ ಒಂದೇ ಸಿಲಿಂಡರ್. ನಿಮಿಷಕ್ಕೆ 900 ಸುತ್ತು ಎಂದುಕೊಳ್ಳಿ. ಢಂ 450. ಸೆಕೆಂಡಿಗೆ ಏಳೂವರೆ. ಅದಕ್ಕೇ ಒಂದೊಂದು ಏಟೂ ಬೇರೆ ಬೇರೆಯಾಗಿ 'ಡುಗ್ ಡುಗ್' ಎಂದು ಕೇಳುತ್ತದೆ.

ನಮ್ಮ ಕಾಲದ ಅಂಬಾಸಿಡರ್ ಕಾರಿಗೆ ನಾಲ್ಕು ಸಿಲಿಂಡರ್. ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಢಂ 6,000. ಸೆಕೆಂಡಿಗೆ 100. ಸೆಕೆಂಡಿಗೆ ಸುಮಾರು 20 ಏಟು ದಾಟಿದ ಮೇಲೆ ನಮ್ಮ ಕಿವಿ ಅವನ್ನು ಬಿಡಿಬಿಡಿಯಾಗಿ ಎಣಿಸುವುದಿಲ್ಲ. ಎಲ್ಲ ಸೇರಿಸಿ ಒಂದು ಸ್ವರವಾಗಿ ಕೇಳಿಸುತ್ತದೆ. ಮಳೆಹನಿ ಹೆಚ್ಚಾದರೆ 'ಟಪ್ ಟಪ್' ಹೋಗಿ 'ಸೋ' ಎನ್ನುವ ಹಾಗೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕು ನೆನಪಿದೆಯೇ, ಹಿರಿಯರೇ? ಅದು ಟೂ ಸ್ಟ್ರೋಕ್. ಒಂದೊಂದು ಸುತ್ತಿಗೂ ಒಂದೊಂದು ಢಂ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು! ಬೀದಿ ತುದಿಯಲ್ಲಿ ಸದ್ದು ಕೇಳಿದರೆ ಸಾಕು, ಯಾರ ಮನೆಯ ಜಾವಾ ಬಂತು ಎಂದು ಹೇಳುತ್ತಿದ್ದೆವು.

ಇನ್ನು ನೈಸ್ ರಸ್ತೆಯ ಕಾರಿಗೆ ಬನ್ನಿ. ಆ ಕಾಲದ ಫಾರ್ಮುಲಾ ಒನ್ ಎಂಜಿನ್ ಬರೀ 2.4 ಲೀಟರ್, ಆದರೆ ಎಂಟು ಸಿಲಿಂಡರ್. ನಿಮಿಷಕ್ಕೆ ಸುಮಾರು 18,000 ಸುತ್ತು. ಅಂದರೆ ಒಂದು ಸಿಲಿಂಡರಿನಲ್ಲಿ 9,000 ಢಂ, ಎಂಟರಲ್ಲಿ 72,000. 60ರಿಂದ ಭಾಗಿಸಿ. ಸೆಕೆಂಡಿಗೆ 1,200! ನೀವು 'ಢಂ' ಎನ್ನುವಷ್ಟರಲ್ಲಿ ನೂರಾರು ಪಟಾಕಿ ಸಿಡಿದು ಮುಗಿದಿರುತ್ತವೆ. ಅದಕ್ಕೇ ಅದು ಗುಡುಗುವುದಿಲ್ಲ, ಕಿರುಚುತ್ತದೆ. ಅದೇ ವರ್ಷ ಅಕ್ಟೋಬರ್ 30ರಂದು ದಿಲ್ಲಿಯ ಹತ್ತಿರದ ಗ್ರೇಟರ್ ನೋಯ್ಡಾದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸ್ ನಡೆದು ಸೆಬಾಸ್ಟಿಯನ್ ವೆಟೆಲ್ ಗೆದ್ದಾಗ ಕೇಳಿದ್ದೂ ಈ ಕಿರುಚೇ. 2014ರಲ್ಲಿ ನಿಯಮ ಬದಲಾಗಿ ಆರು ಸಿಲಿಂಡರಿನ ಸಣ್ಣ ಎಂಜಿನ್ ಬಂತು, ಸದ್ದು ತಗ್ಗಿತು. ಅಭಿಮಾನಿಗಳು ಬೇಸರಪಟ್ಟುಕೊಂಡರು. ನಿಜ ಹೇಳಲೇ? ನಾನೂ ಪಟ್ಟುಕೊಂಡೆ.

ರೇಸ್ ಕಾರಿಗೆ ಸೈಲೆನ್ಸರ್ ಇಲ್ಲ. ನಮ್ಮ ನಿಮ್ಮ ಕಾರಿಗೆ ಇದೆ. ಅದರೊಳಗೆ ಗೂಡುಗಳು, ತೂತು ಕೊರೆದ ಕೊಳವೆಗಳು. ಸದ್ದು ಎಂದರೆ ಅಲೆ ತಾನೇ? ಒಳಗೆ ಬಂದ ಅಲೆ ಗೋಡೆಗೆ ಬಡಿದು ತಿರುಗಿ, ಮುಂದೆ ಬರುವ ಅಲೆಗೆ ಎದುರಾಗುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಹೋದರೆ ಎರಡೂ ಅಡಗುತ್ತವೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ, ಜಮಾ ಇಷ್ಟು, ಖರ್ಚು ಅಷ್ಟೇ, ಬಾಕಿ ಸೊನ್ನೆ. ಮೊಮ್ಮಗ ಹಾಕಿಸಿದ್ದರಲ್ಲಿ ಆ ಗೂಡುಗಳೇ ಇರಲಿಲ್ಲ. ಹಾಗೆಂದು ಕಾರು ರೇಸ್ ಕಾರೂ ಆಗಿರಲಿಲ್ಲ. ಹೆಚ್ಚಿದ್ದು ಸದ್ದು ಮಾತ್ರ.

ಈಗ ಪ್ರೆಸ್ ತಾತನ ಮಾತಿಗೆ ಬರೋಣ.

ಸದ್ದನ್ನು ಅಳೆಯುವುದು ಡೆಸಿಬೆಲ್ ಎಂಬ ಅಳತೆಯಲ್ಲಿ. ನಾವು ಕುಳಿತು ಮಾತಾಡಿದರೆ ಸುಮಾರು 60. ಆ ರೇಸ್ ಕಾರು ಹತ್ತಿರದಲ್ಲಿ 120 ದಾಟುತ್ತಿತ್ತು. ಎರಡರಷ್ಟು ತಾನೇ ಎನ್ನಬೇಡಿ! ಈ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಶಕ್ತಿ ಹತ್ತು ಪಟ್ಟು. 60ರಿಂದ 120ಕ್ಕೆ ಆರು ಮೆಟ್ಟಿಲು. ಒಂದರ ಮುಂದೆ ಆರು ಸೊನ್ನೆ. ಹತ್ತು ಲಕ್ಷ ಪಟ್ಟು!

ಕಿವಿಯೊಳಗೆ ಬಸವನಹುಳುವಿನ ಚಿಪ್ಪಿನಂಥ ಸಣ್ಣ ಸುರುಳಿ ಇದೆ. ಅದರಲ್ಲಿ ಕೂದಲಿನಂಥ ಎಳೆಗಳಿರುವ ಸುಮಾರು 15,000 ಜೀವಕೋಶಗಳು. ಅವು ಅಲುಗಿದರೆ ನಮಗೆ ಕೇಳುತ್ತದೆ. ಜೋರು ಸದ್ದಿಗೆ ಅವು ಗಾಳಿಮಳೆಗೆ ಸಿಕ್ಕ ರಾಗಿಪೈರಿನಂತೆ ಬಾಗುತ್ತವೆ. ಒಂದೆರಡು ಸಲವಾದರೆ ಏಳುತ್ತವೆ. ದಿನವೂ ಆದರೆ ಸಾಯುತ್ತವೆ. ಕೋಳಿಗೆ ಅವು ಮತ್ತೆ ಹುಟ್ಟುತ್ತವೆ, ಮನುಷ್ಯನಿಗೆ ಹುಟ್ಟುವುದಿಲ್ಲ. ದೇವರು ತೆರೆದುಕೊಟ್ಟ ಈ ಖಾತೆಯಲ್ಲಿ ಜಮಾ ಒಂದೇ ಸಲ, ಹುಟ್ಟುವಾಗ. ಆಮೇಲೆ ಬರೀ ಖರ್ಚು.

85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಎನ್ನುತ್ತಾರೆ ತಿಳಿದವರು. ಮೂರು ಡೆಸಿಬೆಲ್ ಹೆಚ್ಚಿದ ಹಾಗೆಲ್ಲ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2. ಹೀಗೇ ಹೋದರೆ 100ಕ್ಕೆ ಕೇವಲ 15 ನಿಮಿಷ. ಪ್ರೆಸ್ ತಾತ 28 ವರ್ಷ ಕಿವಿಗೆ ಏನೂ ಇಟ್ಟುಕೊಳ್ಳದೆ ನಿಂತಿದ್ದರು. ಆಗ ಹೇಳುವವರೂ ಇರಲಿಲ್ಲ, ಕೊಡುವವರೂ ಇರಲಿಲ್ಲ.

ಮೊದಲು ಹೋಗುವುದು ತೆಳುವಾದ ಸದ್ದುಗಳು. ಹಕ್ಕಿ, ಕಾಲ್ಗೆಜ್ಜೆ, ಮಕ್ಕಳ ಧ್ವನಿ, ಮಾತಿನಲ್ಲಿ ಸ, ಶ, ಚ. "ಸಾರು ಹಾಕಲಾ?" ಎಂದು ನನ್ನಾಕೆ ಕೇಳಿದರೆ, "ಆರು ಬೇಡಮ್ಮ, ಎರಡು ಸಾಕು" ಎನ್ನುತ್ತಾರೆ. ಮನೆಯವರೆಲ್ಲ ನಗುತ್ತೇವೆ, ಅವರೂ ನಗುತ್ತಾರೆ. ಆದರೆ ಯಾಕೆ ನಕ್ಕೆವು ಎಂದು ಅವರಿಗೆ ಪ್ರತಿಸಲವೂ ಗೊತ್ತಾಗಿರುವುದಿಲ್ಲ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾನಿದ್ದ ಬ್ಯಾಂಕ್ ಶಾಖೆ ಪೀಣ್ಯದಲ್ಲೇ ಇತ್ತು. ಸಂಬಳದ ವಾರ ಕೌಂಟರಿಗೆ ಬರುತ್ತಿದ್ದ ಕಾರ್ಮಿಕರಲ್ಲಿ ಕೆಲವರು ಕೂಗಿ ಮಾತಾಡುತ್ತಿದ್ದರು. "ಸ್ವಲ್ಪ ಮೆಲ್ಲಗೆ ಮಾತಾಡ್ರೀ, ಇದೇನು ಸಂತೇನಾ?" ಎಂದು ಎಷ್ಟೋ ಸಲ ಸಿಡುಕಿದ್ದೇನೆ. ಅವರು ಜಗಳಗಂಟರಲ್ಲ, ಅವರ ಧ್ವನಿ ಅವರಿಗೇ ಸರಿಯಾಗಿ ಕೇಳುತ್ತಿರಲಿಲ್ಲ ಎಂದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ, ನೈಸ್ ರಸ್ತೆಯ ಬದಿಯಲ್ಲಿ, ಭಾವನ ಕಣ್ಣೀರು ನೋಡಿದಾಗ.

ಹಾಗಾದರೆ ಸದ್ದೇ ಬೇಡವೇ? ಹಾಗಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಸ್ವಲ್ಪ ಮುಂದೆ, ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲೇ ರಸ್ತೆಗೆ ಬಂದಿತ್ತು. ಹಿಂದೆ ಬಂದು ನಿಂತರೂ ತಿಳಿಯುತ್ತಿರಲಿಲ್ಲ. ಈಗ ಅಂಥ ವಾಹನಗಳು ಬೀದಿ ತುಂಬ. ಈಚೆಗೆ ಪ್ರೆಸ್ ತಾತ ಹಾಲು ತರಲು ಹೋದಾಗ ವಿದ್ಯುತ್ ಸ್ಕೂಟರೊಂದು ಅವರ ಪಂಚೆಯ ಅಂಚು ಸವರಿಕೊಂಡೇ ಹೋಯಿತು. ನಮಗೇ ಕೇಳದ ಸದ್ದು ಅವರಿಗೆಲ್ಲಿ ಕೇಳಬೇಕು? ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ನಿಧಾನವಾಗಿ ಹೋಗುವಾಗ ಬೇಕೆಂದೇ ಸಣ್ಣದೊಂದು ಸದ್ದು ಮಾಡಬೇಕು ಎಂಬ ನಿಯಮವಿದೆ. ಸದ್ದು ಇರಬೇಕು. ಎಲ್ಲಿ, ಎಷ್ಟು ಎಂಬುದೇ ಪ್ರಶ್ನೆ. ನಮ್ಮ ದೇಶದ ನಿಯಮದಲ್ಲಿ ಮನೆಗಳಿರುವ ಕಡೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಪೊಲೀಸರು ಜೋರು ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರವನ್ನು ನೀವೂ ಪೇಪರಿನಲ್ಲಿ ನೋಡಿರಬಹುದು.

ಸರಿ, ಆ ಶನಿವಾರ ರಾತ್ರಿ ಏನಾಯಿತು?

ನಾನು ಬೈಯಲಿಲ್ಲ ಎಂದೆನಲ್ಲ. ಅಷ್ಟರಲ್ಲಿ ಪ್ರೆಸ್ ತಾತ ಎದ್ದು ಬಂದರು. ಗುಡುಗಿಗೆ ಎಚ್ಚರವಾಗಿ ಅಲ್ಲ, ದೀಪ ಹಾಕಿದ್ದಕ್ಕೆ ಎಚ್ಚರವಾಗಿ. ಮೊಮ್ಮಗ ಓಡಿಹೋಗಿ ಅವರ ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಬಂದ. ಒಳಗೆ ಕುಳಿತು ಒಂದು ಸಲ ಆಕ್ಸಿಲೇಟರ್ ಒತ್ತಿದ. ಕೂಸು ಮತ್ತೆ ಅತ್ತಿತು.

"ನೈಸ್ ರೋಡ್ ನೆನಪಾಯ್ತಾ, ತಾತ?" ಎಂದು ಕೂಗಿದ.

ಪ್ರೆಸ್ ತಾತ ಬಾನೆಟ್ಟಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತರು. 28 ವರ್ಷ ಯಂತ್ರವನ್ನು ಅವರು ಹಾಗೇ ತಿಳಿದುಕೊಳ್ಳುತ್ತಿದ್ದದ್ದು. ಆಮೇಲೆ ನಕ್ಕು, "ಚೆನ್ನಾಗಿ ನಡುಗ್ತಿದೆ ಕಣೋ ಮರಿ. ಸದ್ದು ಹೇಗಿದೆ, ನೀನೇ ಹೇಳು" ಎಂದರು.

ಮೊಮ್ಮಗ ಕಾರು ಆಫ್ ಮಾಡಿದ. ಬಹಳ ಹೊತ್ತು ಸ್ಟೇರಿಂಗ್ ಹಿಡಿದುಕೊಂಡು ಒಳಗೇ ಕುಳಿತಿದ್ದ.

ಮುಂದಿನ ಭಾನುವಾರ ಅವನು ಬಂದದ್ದು ನನಗೆ ತಿಳಿಯಲೇ ಇಲ್ಲ, ಅಡುಗೆಮನೆಯಲ್ಲಿ ಅಜ್ಜಿಯ ಜೊತೆ ಮಾತು ಕೇಳಿದಾಗಲೇ ಗೊತ್ತಾಗಿದ್ದು. ಕಾರಿಗೆ ಹಳೆಯ ಸೈಲೆನ್ಸರ್ ಮತ್ತೆ ಬಂದಿತ್ತು. ಜೋರಿನದು ಗೋಣಿಚೀಲ ಸುತ್ತಿಕೊಂಡು ನಮ್ಮ ಅಟ್ಟದ ಮೇಲಿದೆ. "ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ ಹೋಗೋ ದಿನ ಹಾಕ್ಕೋತೀನಿ ತಾತ. ನಿಮ್ಮನ್ನೂ ಪ್ರೆಸ್ ತಾತನ್ನೂ ಕರ್ಕೊಂಡು ಹೋಗ್ತೀನಿ" ಎಂದಿದ್ದಾನೆ. ನಾನು ಹೂಂ ಎಂದಿದ್ದೇನೆ. ಈ ಸಲ ಹತ್ತಿ ಸಾಲದು, ಅದು ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಮೂರು ಜೊತೆ ಇಯರ್ ಪ್ಲಗ್ ತಂದಿಟ್ಟಿದ್ದೇನೆ.

ಈ ವಾರದ ಲೆಕ್ಕ: ನಿಮ್ಮ ಮನೆ ಮುಂದೆ ಮೂರು ಸಿಲಿಂಡರಿನ ಪೆಟ್ರೋಲ್ ಕಾರು ನಿಂತಿದೆ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದೆ. ಸೆಕೆಂಡಿಗೆ ಎಷ್ಟು ಢಂ? ಮನೆಯ ತಾತ, ಅಜ್ಜಿಯ ಪಕ್ಕ ಕುಳಿತು ಮಾಡಿ. ಅವರಿಗೆ ಕೇಳದಿದ್ದರೆ ಕೂಗಬೇಡಿ. ಎದುರಿಗೆ ಹೋಗಿ, ಮುಖ ಕಾಣುವ ಹಾಗೆ ನಿಂತು, ನಿಧಾನವಾಗಿ ಹೇಳಿ. ಉತ್ತರ ಮುಂದಿನ ವಾರ.